ಏಳು ಕಲ್ಲಿನ ಅಕ್ಕಿ

೧೯೫೨ರಲ್ಲಿ ನಾನು ಓದು ನಿಲ್ಲಿಸಿದೆ. ಮಿಡ್ಲ್ ಸ್ಕೂಲು ಪಾಸಾಗಿತ್ತು. ಅಷ್ಟಕ್ಕೇ ಎದೆ ಉಬ್ಬಿಸಿಕೊಂಡು ಸೋದರಮಾವನ ಕನ್ನಡಕದ ಅಂಗಡಿ ಸೇರಿದೆ. ಈ ಮಾವ ಕನ್ನಡಕದ ವ್ಯಾಪಾರಿ ಎಂದರೆ ದಾವಣಗೆರೆಯಲ್ಲಿ ಹೊಸಬರು ಯಾರೂ ನಂಬುತ್ತಿರಲಿಲ್ಲ. ಹೇಗೆ ನಂಬುತ್ತಾರೆ? ಗಲ್ಲಾದ ಪಕ್ಕ ಒಂದು ಮೊರ, ಮೊರದ ತುಂಬ ಅಕ್ಕಿ!

"ಬರ್ರಿ, ಕೂಡ್ರಿ. ಇದರಾಗೆ ಏಳು ಕಲ್ಲು ಅದಾವು, ಆರಿಸ್ರಿ" ಎನ್ನುತ್ತಿದ್ದರು. ಏಳೂ ಸಿಗುವ ತನಕ ಒಂದಾದ ಮೇಲೊಂದು ಕನ್ನಡಕ ಹಾಕಿಸಿ ನೋಡುವುದು. ಅವರು ಕಣ್ಣು ನೋಡುವ ರೀತಿಯೇ ಅದು!

ಗಂಡಸರು ಅಕ್ಕಿ ಆರಿಸುತ್ತಾರೆಯೇ? ಕನ್ನಡಕದ ಪೆಟ್ಟಿಗೆ, ಮೊರ ಹೊತ್ತು ಹೋಗಿದ್ದ ಹರಿಹರದ ಸಂತೆಯಲ್ಲಿ ರೈತರೊಬ್ಬರು ಮೊರ ನೋಡಿ ಮುಖ ತಿರುಗಿಸಿದರು. ಮಾವ ಬಿಡಬೇಕಲ್ಲ! "ಹಂಗಾರೆ ನಿಮ್ಮ ಎತ್ತು ಹಿಡಕಂಡು ಬರ್ರಿ" ಎಂದರು. ಕನ್ನಡಕ ಹಾಕಿಸಿ ಎತ್ತಿನ ಕಿವಿಯೊಳಗೆ ಇಣುಕಲು ಹೇಳಿದರು.

"ಅಯ್ಯಯ್ಯೋ, ಎಷ್ಟೊಂದು ಉಣ್ಣಿ!"

"ಕನ್ನಡಕ ನಿಮಗೆ, ಆರಾಮ ಎತ್ತಿಗೆ" ಎಂದು ಮಾವ ಪೆಟ್ಟಿಗೆ ಮುಚ್ಚಿದರು.

ನನಗೋ ನಾಚಿಕೆ. ಓದಿದವನಲ್ಲವೇ ನಾನು! ಒಂದು ದಿನ ಮಾವ ಚಹಾಕ್ಕೆ ಹೋದಾಗ ಕಣ್ಣಿನ ಡಾಕ್ಟರು ಓದಿಸುವಂಥ ಅಕ್ಷರದ ಪಟ ತಂದು ಗೋಡೆಗೆ ಹೊಡೆದೆ. ಆಗಲೇ ಲೋಕಿಕೆರೆಯಿಂದ ಒಬ್ಬ ಅಜ್ಜಿ ಬಂದರು. ಮೊಮ್ಮಗಳ ಕೂಸಿಗೆ ಹೊದೆಯಲು ಹಳೆ ಸೀರೆಯ ಕೌದಿ ಹೊಲಿಯಬೇಕಂತೆ, ಸೂಜಿಗೆ ದಾರ ಹೋಗುತ್ತಿಲ್ಲವಂತೆ. ನಾನು ಕೋಲು ಹಿಡಿದು ಮೇಷ್ಟರ ಗತ್ತಿನಲ್ಲಿ "ಓದ್ರಿ ಅಜ್ಜಿ" ಎಂದೆ. ಅಜ್ಜಿ ಪಟ ನೋಡಿದರು, ನನ್ನನ್ನು ನೋಡಿದರು, ಸೆರಗು ಹೊದ್ದು ಎದ್ದರು.

"ನನ್ನ ಕಣ್ಣು ಚೊಲೋ ಅದಾವು ಬಿಡಪ್ಪ."

ಹೋಗೇಬಿಟ್ಟರು. ಮಾವ ಬಂದು, ನಡೆದದ್ದನ್ನು ನನ್ನಿಂದ ತಿಳಿದು ಕೇಳಿದರು: "ಏನಲೇ, ಕನ್ನಡಕ ಕೇಳಾಕ ಬಂದೋರಿಗೆ ಪರೀಕ್ಷೆ ಇಟ್ಟೀಯೇನು? ಆ ಕೂಸಿನ ಕೌದಿ ಯಾರು ಹೊಲಿತಾರೆ, ನಿನ್ನ ಪಟಾನ?"

ಮೊರ ಹೊತ್ತು ಬಸ್ ಸ್ಟ್ಯಾಂಡಿಗೆ ಓಡಿದರು. ಹಿಂದೆ ಪೆಟ್ಟಿಗೆ ಹೊತ್ತ ನಾನು! ಕಟ್ಟೆಯ ಮೇಲೆ ಕೂತ ಅಜ್ಜಿಯ ಮಡಿಲಿಗೆ ಮೊರ ಇಟ್ಟರು. ಮೊದಲನೇ ಕನ್ನಡಕಕ್ಕೆ ಮೂರು ಕಲ್ಲು, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಏಳೂ ಬಂದವು. "ಒಂದು ಹುಳಾನೂ ಐತಲ್ಲಪ್ಪ, ಯಾವ ಅಂಗಡಿ ಅಕ್ಕಿ ಇದು?" ಎಂದರು ಅಜ್ಜಿ. ಬಸ್ಸಿಗೆ ಕಾದವರೆಲ್ಲ ನಕ್ಕರು. ಮಾವ ಅಂಗಿಗೆ ಚುಚ್ಚಿಕೊಂಡಿದ್ದ ಸೂಜಿ ಕೊಟ್ಟರು. ಒಂದೇ ಸಲಕ್ಕೆ ದಾರ ಹೋಯಿತು. ಅಂಗಡಿಗೆ ಬಂದು ಪಟವನ್ನು ನಾನೇ ಕಿತ್ತು ಹಾಕಿದೆ.

ಬಹಳ ವರ್ಷಗಳ ಮೇಲೆ ಮಾವನ ಕಣ್ಣೇ ಮಂಜಾಯಿತು. ಯಾವ ಕನ್ನಡಕಕ್ಕೂ ಬಗ್ಗುವ ಕಣ್ಣಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆದರೂ ಒಂದು ಸಂಜೆ "ಮೊರ ತಾರಲೇ" ಎಂದರು. ಬಹಳ ಹೊತ್ತು ಬಗ್ಗಿ ಕೂತು, ಒಂದೊಂದೇ ಆರಿಸಿ ನನ್ನ ಅಂಗೈಗೆ ಹಾಕಿದರು.

"ಏಳೂ ಸಿಕ್ಕವು ನೋಡು!"

ನೋಡಿದೆ. ಏಳೂ ಅಕ್ಕಿಕಾಳು.

"ಸರಿ ಅದಾವು ಮಾವ" ಎಂದೆ. ನಾನು ಪರೀಕ್ಷೆ ಇಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಈಗ ಅಂಗಡಿ ನನ್ನದು. ಕನ್ನಡಕಗಳ ಜೊತೆ ಅದೇ ಮೊರ, ಅದೇ ಸೂಜಿ, ಅದೇ ಏಳು ಕಲ್ಲು. ಬೇರೆ ಡಬ್ಬಿಯಲ್ಲಿ ಏಳು ಅಕ್ಕಿಕಾಳು.