ಕೂದಲಿಗೆ ಹೆದರಿದ ಕಾಕಾ

ಹೆಂಡತಿಗೆ ಹೆದರುವವರನ್ನು ನೀವು ದಿನಾ ನೋಡುತ್ತೀರಿ. ತನ್ನ ತಲೆಗೂದಲಿಗೇ ಹೆದರಿದವರನ್ನು ನೋಡಿದ್ದೀರಾ? ನಮ್ಮ ಕಾಕಾ ಅಂಥವರು!

ಹಳೇ ಹುಬ್ಬಳ್ಳಿಯಲ್ಲಿ ಕಾಳುಕಡಿ ಅಂಗಡಿ, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಹೋಟೆಲಿಗೆ ಹೋದರೆ ಮೊದಲು ಚಮಚ ಮೂಸಿ, "ಇದು ಯಾವುದರಾಗ ಅದ್ದಿದ್ದೋ ಏನೋ!" ಎಂದು ಸಪ್ಲಾಯರ್‌ನ ಜೀವ ತಿನ್ನುತ್ತಿದ್ದರು. ನಾನು ಕೆಲಸ ಮಾಡುವುದು ವಿದ್ಯಾನಗರದ ಒಂದು ಲ್ಯಾಬಿನಲ್ಲಿ. ಜನ ಎಷ್ಟು ಮಾಂಸ ತಿನ್ನುತ್ತಾರೆಂದು ಅಲ್ಲಿ ಅಳೆಯುತ್ತೇವೆಂದು ಕೇಳಿದ್ದೇ ತಡ, ಕಾಕಾ ಎದೆ ತಟ್ಟಿಕೊಂಡರು.

"ನನ್ನ ಹೆಸರು ಬರ್ಕೋವಾ! ಅಪ್ಪಟ ಸಸ್ಯಾಹಾರಿ ಹೆಂಗಿರತಾನ ಅಂತ ಜಗತ್ತು ನೋಡ್ಲಿ!"

"ಬರೇ ಬಾಯಿಮಾತು ನಡ್ಯೂದಿಲ್ರಿ ಕಾಕಾ. ಕೂದಲಾ ಕೊಡ್ರಿ. ಇಷ್ಟು ತಿಂಗಳು ಏನ ತಿಂದೀರಿ ಅನ್ನೂದು ಅದರಾಗ ಗೊತ್ತಾಗತೈತಿ."

ಕಾಕಾರ ಮುಖ ಬಿಳಿಚಿಕೊಂಡಿತು. "ಕೂದಲಾ... ಹೇಳತೈತೇನು?"

ಅಲ್ಲಿಂದ ಶುರುವಾಯಿತು ನೋಡಿ ಫೋನಿನ ಕಾಟ! "ಸೀಗೇಕಾಯಿ ಹಚ್ಚಿ ತಿಕ್ಕಿದ್ರ ಹೋಗತೈತೇನು?" "ತೆಲಿ ಬೋಳಿಸಿದ್ರ?" ಯಾಕೆಂದು ಕೇಳಿದರೆ, "ನನಗಲ್ಲವಾ, ನನ್ನ ಗೆಳೆಯಾ ಕೇಳಾಕತ್ತಾನ!" ಊಟ ಸೇರದು, ನಿದ್ದೆ ಬಾರದು. ಅಂಗಡಿಯಲ್ಲಿ ತೊಗರಿ ಕೇಳಿದವರಿಗೆ ಕಡಲೆ ಕಟ್ಟಿಕೊಟ್ಟರಂತೆ. ಕೊನೆಗೊಂದು ದಿನ ಪೊಟ್ಟಣ ತಂದರು. ಒಳಗೆ ಜೀರಿಗೆಯಷ್ಟು ಸಣ್ಣಗೆ ಕತ್ತರಿಸಿದ ಕೂದಲು! ನಾನೇನೂ ಕೇಳದಿದ್ದರೂ "ನಂದ ಐತಿ, ನಂದ ಐತಿ" ಎಂದು ಬೆವರು ಒರೆಸಿಕೊಂಡರು.

ಫಲಿತಾಂಶ ಬಂತು. ಹಾಲು ಮೊಸರು ತಿಂದರೂ ಕೂದಲಲ್ಲಿ ಅಂಥದೇ ಗುರುತು ಬೀಳುತ್ತದೆ; ಆ ಪಾಲು ತೆಗೆದು ನೋಡಿದರೂ ಮಾಂಸದ ಗುರುತು ಉಳಿಯುತ್ತಿತ್ತು. ಅವರ ಮನೆಗೆ ಹೋಗಿ ಮೆಲ್ಲಗೆ ಹೇಳಿದೆ.

"ಸಾಧ್ಯನ ಇಲ್ಲ!" ಕಾಕಾ ಚೀರಿದರು. "ಅದು ನಿಮ್ಮ ಕಾಕು ಬಾಚಣಿಗ್ಯಾಗಿನ ಕೂದಲಾ!"

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾಕು ಅಲ್ಲಿಂದಲೇ ಬಾಯಿಬಿಟ್ಟರು.

"ಆಪರೇಷನ್ ಆದ ಮ್ಯಾಲೆ ಎದ್ದು ನಿಲ್ಲಾಕ ಆಗ್ತಿದ್ದಿಲ್ರಿ. ಬಾಜೂಮನಿ ಚಾಚಿ ಮಟನ್ ಸೂಪ್ ಕೊಟ್ರು. ಆವತ್ತಿನಿಂದ ದಿನಾ ಕುಡ್ಯಾಕತ್ತೇನಿ. ಗೊತ್ತಾದ್ರ ನನ್ನ ಕೈಲೆ ನೀವು ನೀರೂ ಮುಟ್ಟೂದಿಲ್ಲಂತ ಹೆದರಿ ಹೇಳಲಿಲ್ಲ."

ಚಮಚ ಮೂಸುವ ಈ ಮನುಷ್ಯ ಈಗ ಏನನ್ನುತ್ತಾರೋ! ಕಾಕಾ ಎದ್ದು ಹೋಗಿ ಕಾಕು ಕೈಯಿಂದ ಚಹಾ ತೆಗೆದುಕೊಂಡು, ಕುದಿಯುವುದನ್ನೇ ಗಟಗಟ ಕುಡಿದುಬಿಟ್ಟರು.

"ಕದ್ದು ಕುಡ್ಯೂದಂದ್ರ... ಆರಿ ತಣ್ಣಗಾಗಿದ್ದನ್ನ ಕುಡಿದಿರಬೇಕಲ್ಲ?"

ಕಾಕು ತಲೆಯಾಡಿಸಿದರು. "ಹೂನ್ರಿ. ನೀವು ಅಂಗಡಿಗೆ ಹೋಗೂತನಕ ಮುಚ್ಚಿಡ್ತಿದ್ದೆ."

ಕಾಕಾರ ಕಣ್ಣು ತುಂಬಿದವು. "ನಾ ಗ್ಯಾರೇಜಿನ ಗೆಳೆಯಾರ ಕೂಡ ಬಿಸಿಬಿಸಿ ಬಿರಿಯಾನಿ ತಿಂದು ಬರ್ತಿದ್ದೆ. ನೀ ಇಲ್ಲಿ ಒಬ್ಬಾಕಿನ..."

ಕಾಕಾ ಅಡುಗೆಮನೆಗೆ ಹೋಗಿ ಸ್ಟೀಲ್ ಡಬ್ಬಿ ತಂದು, ಚಪ್ಪಲಿ ಮೆಟ್ಟಿದರು.

"ಚಾಚಿ ಮನಿಗೆ ಹೋಗಿ ಬರ್ತೇನಿ. ನೀ ಕುಂದ್ರು. ಇವತ್ತರ ಬಿಸೇದು ಕುಡಿ."