ಟ್ಯೂಬಿಲ್ಲದ ಚಕ್ರವೂ ಹಪ್ಪಳದ ಹಿಟ್ಟೂ

ಮನೆಯಲ್ಲಿ ಮದುವೆಯಾಗದ ಹುಡುಗ, ಅವನ ಕೈಗೊಂದು ಹಳೇ ಮೋಟಾರ್ ಸೈಕಲ್, ಇವೆರಡಿದ್ದರೆ ನಗೋದಕ್ಕೆ ಸಿನಿಮಾಕ್ಕೆ ಹೋಗಬೇಕಾಗಿಲ್ಲ, ಬಾಗಿಲು ತೆಗೆದಿಟ್ಟರೆ ಸಾಕು. ಮುಂಬೈ ಸಯನ್ನಿನ ನಮ್ಮ ಮನೆಯಲ್ಲಿ ಆಗ ನಾನು, ನಮ್ಮೆಜಮಾನರು, ಅತ್ತೆ, ಮೈದುನ. ಜೊತೆಗೆ ಅವನ ಗಾಡಿ. ಅದೂ ಮನೆಯವರ ಲೆಕ್ಕವೇ, ವಾರಕ್ಕೊಂದು ಸಲ ಮಲಗುತ್ತಿತ್ತು.

ಹುಡುಗನಿಲ್ಲದೆ ಹೆಣ್ಣು ನೋಡಿದ್ದು

ಬೊರಿವಲಿಯಲ್ಲಿ ಮೈದುನನಿಗೊಂದು ಹೆಣ್ಣು ಇದೆ ಅಂತ ಗೊತ್ತಾಯಿತು. ಫೋಟೋ ನೋಡಿದ ದಿನದಿಂದ ಅವನಿಗೆ ಊಟ ಸೇರಲಿಲ್ಲ. ನಾವು ಲೋಕಲ್ ರೈಲಿನಲ್ಲಿ ಹೋದೆವು, ಅವನು ಗಾಡಿಯಲ್ಲೇ ಬರುತ್ತೇನೆ ಅಂದ. ಉಪ್ಪಿಟ್ಟು ತಿಂದೆವು, ಕೇಸರಿಬಾತು ತಿಂದೆವು, ಹುಡುಗಿ ದೇವರನಾಮ ಹಾಡಿದಳು. ಹುಡುಗ ಮಾತ್ರ ಬರಲಿಲ್ಲ. ಅಂಧೇರಿ ಹತ್ತಿರ ಪಂಕ್ಚರ್ ಆಗಿ ಕೂತಿದ್ದನಂತೆ.

ಹುಡುಗಿಯ ಅಪ್ಪ ಖಡಾಖಂಡಿತವಾಗಿ ಹೇಳಿದರು: "ಬರೋ ಭಾನುವಾರ ಇನ್ನೊಂದು ಸಲ. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಮಾತುಕತೆ ಮುಗೀಬೇಕು. ಇಲ್ಲಾಂದ್ರೆ ಪುಣೆ ಹುಡುಗನಿಗೆ ಮಾತು ಕೊಟ್ಟುಬಿಡ್ತೀನಿ."

ಹುಡುಗಿಯ ಅಜ್ಜಿಗೆ ಕಣ್ಣು ಮಂಜು. ನಮ್ಮೆಜಮಾನರನ್ನೇ ಮೇಲಿಂದ ಕೆಳಗೆ ನೋಡಿ, "ಮತ್ಯಾಕೆ ಭಾನುವಾರ? ಹುಡುಗನಿಗೆ ವಯಸ್ಸು ಸ್ವಲ್ಪ ಹೆಚ್ಚು, ಆದರೂ ಚೆನ್ನಾಗಿ ತಿಂತಾನೆ" ಅಂದುಬಿಟ್ಟರು.

ಗ್ಯಾರಂಟಿ

"ಲೋಕಲ್‌ನಲ್ಲೇ ಬಾರೋ" ಅಂದರೆ ಮೈದುನ ಸಿಡಿದ. "ಹುಡುಗನಿಗೆ ಗಾಡಿ ಇದೆ ಅಂತ ಕೊಚ್ಚಿಕೊಂಡಿದ್ದೀರಿ. ಈಗ ಬೆವರು ಒರೆಸ್ಕೊಂಡು ರೈಲಿಳೀಲಾ? ಚಕ್ರನೇ ಬದಲಾಯಿಸ್ತೀನಿ. ಅತ್ತಿಗೆ, ಬನ್ನಿ. ಬದನೆಕಾಯಿ ಆರಿಸೋ ಕೈ ನಿಮ್ಮದು."

ಕುರ್ಲಾದ ಹಳೇ ಸಾಮಾನಿನ ಗಲ್ಲಿಗೆ ಹೋದೆವು. ಅಚ್ಚಿನಲ್ಲಿ ಹೊಯ್ದ ಚಕ್ರಕ್ಕೆ ಟ್ಯೂಬ್ ಬೇಡವಂತೆ, ಆದರೆ ಮುಂಬೈ ರಸ್ತೆ ಗುಂಡಿಗೆ ಬಿರುಕು ಬಿಡುತ್ತಂತೆ. ಸ್ಪೋಕಿನ ಕಡ್ಡಿ ಚಕ್ರ ಗುಂಡಿಗೆ ಬಗ್ಗಿ ಏಳುತ್ತೆ, ಆದರೆ ಟ್ಯೂಬ್ ಬೇಕು; ಟ್ಯೂಬ್ ಅಂದಮೇಲೆ ಪಂಕ್ಚರ್. ನಮ್ಮವನಿಗೆ ಕಡ್ಡಿಯೂ ಬೇಕು, ಟ್ಯೂಬೂ ಬೇಡ. ಅಂಗಡಿಯವನು ಒಳಗಿಂದ ಇನ್ನೊಂದು ಎತ್ತಿಕೊಂಡು ಬಂದ. "ಕಡ್ಡಿ ಚಕ್ರ, ಟ್ಯೂಬ್‌ಲೆಸ್, ಫಾರಿನ್ ಮಾಲ್! ಟ್ಯೂಬೇ ಇಲ್ಲ ಸೇಠ್, ಪಂಕ್ಚರ್ ಆಗೋದು ಯಾವುದಕ್ಕೆ?"

ನಾನು ಹಲಸಿನಹಣ್ಣು ತಟ್ಟುವ ಹಾಗೆ ಚಕ್ರ ತಟ್ಟಿ ನೋಡಿದೆ. "ಗ್ಯಾರಂಟಿ ಎಲ್ಲೀತನಕ ಭಯ್ಯಾ?"

"ಗಲ್ಲಿ ಮೂಲೆತನಕ!" ಅಂತ ನಕ್ಕ.

ತಮಾಷೆ ಅಂದುಕೊಂಡು ನಾವೂ ನಕ್ಕೆವು. ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ಚಕ್ರ ಹಾಕಿಸಿಕೊಂಡು ಮೂಲೆ ತಿರುಗುತ್ತಲೇ ಗಾಳಿ ಪೂರ್ತಿ ಇಳಿಯಿತು.

ಮಡಿ ನೀರು

ಗಾಳಿ ಎಲ್ಲಿ ಹೋಗುತ್ತೆ ಅಂತ ನೋಡಬೇಕಾದರೆ ಚಕ್ರವನ್ನು ನೀರಲ್ಲಿ ಮುಳುಗಿಸಬೇಕು. ನಮ್ಮ ಬಿಲ್ಡಿಂಗಿನಲ್ಲಿ ನಲ್ಲಿ ಬರುತ್ತಿದ್ದುದು ಬೆಳಗಿನ ಜಾವ ಮಾತ್ರ. ಆಮೇಲೆ ತುಂಬಿರುತ್ತಿದ್ದುದು ಒಂದೇ ಡ್ರಮ್ಮು, ಅತ್ತೆಯ ಮಡಿ ನೀರಿನದು. ಅತ್ತೆ ಜಪಕ್ಕೆ ಕಣ್ಣು ಮುಚ್ಚಿದ್ದೇ ತಡ, ಮೈದುನ ಗಾಳಿ ತುಂಬಿಸಿದ ಚಕ್ರವನ್ನು ಅದರೊಳಗೆ ಇಳಿಸಿಬಿಟ್ಟ. ಒಂದೊಂದು ಕಡ್ಡಿಯ ಬುಡದಿಂದಲೂ ಗುಳುಗುಳು ಗುಳ್ಳೆ! ಆ ಸದ್ದಿಗೆ ಅತ್ತೆ ಕಣ್ಣು ಬಿಟ್ಟರು.

"ಅಮ್ಮಾ, ಕಡ್ಡಿ ತೂತಲ್ಲೆಲ್ಲ ಗಾಳಿ ಹೋಗ್ತಿದೆ!" ಅಂದ.

"ಕುರ್ಲಾ ಕೊಚ್ಚೆಯೆಲ್ಲ ತೊಳೆದು ನಿನ್ನ ಚಕ್ರ ಮಡಿಯಾಯ್ತಲ್ಲಪ್ಪ" ಅಂದರು ಅತ್ತೆ, "ಇವತ್ತಿನ ಅಡಿಗೆ ಅದರ ಕೈಲೇ ಮಾಡಿಸು."

ಹಪ್ಪಳ

ಬೈದರೂ ಹೆತ್ತ ಕರುಳು, ಮದುವೆ ತಪ್ಪಬಾರದಲ್ಲ. ಆ ಹೊತ್ತಿಗೆ ನಾವು ಉದ್ದಿನ ಹಪ್ಪಳಕ್ಕೆ ಹಿಟ್ಟು ಕುಟ್ಟಿ ಇಟ್ಟಿದ್ದೆವು. ಅತ್ತೆ ಒಂದು ಉಂಡೆ ಹಿಡಿದು ಬಂದರು. "ಇದು ಕೈಗೆ ಅಂಟಿದರೆ ಎಣ್ಣೆ ಹಚ್ಚದೆ ಬಿಡಲ್ಲ. ತಾರೋ ಇಲ್ಲಿ, ನಿನ್ನ ಚಕ್ರದ ಹಣೆಬರಹ ನಾನು ನೋಡ್ತೀನಿ." ಟೈರು ಬಿಚ್ಚಿಸಿ, ಒಳಗೂ ಹೊರಗೂ ಒಂದೊಂದು ಕಡ್ಡಿಯ ಬುಡಕ್ಕೂ ಮೆತ್ತಿ, ಟೆರೇಸಿನ ಮೇಲೆ ಹಪ್ಪಳಗಳ ನಡುವೆ ಒಣಹಾಕಿಸಿದರು. ಕಾಗೆ ಓಡಿಸುವ ಕೆಲಸ ನನ್ನದು. ಬಟ್ಟೆ ಹರವಲು ಬಂದ ಪಕ್ಕದ ಮನೆ ಮರಾಠಿ ಬಾಯಿ, ಹಪ್ಪಳ ನೋಡಿದಳು, ಚಕ್ರ ನೋಡಿದಳು.

"ವಹಿನಿ, ಇದನ್ನ ಕರಿಯೋಕೆ ಬಾಣಲೆ ಎಲ್ಲಿಂದ ತರ್ತೀರಿ?"

ಬೊರಿವಲಿಯ ಹಸು

ಭಾನುವಾರ ಅತ್ತೆ, ನಮ್ಮೆಜಮಾನರು ಲೋಕಲ್‌ನಲ್ಲಿ ಮುಂದೆ ಹೋದರು. "ನೀನು ಹಿಂದೆ ಕೂತು ಗಾಳಿ ನೋಡ್ಕೋ" ಅಂತ ಅತ್ತೆ ಹೊರಡುವಾಗಲೇ ನನ್ನನ್ನು ಗಾಡಿ ಹತ್ತಿಸಿದ್ದರು. ತೊಡೆ ಮೇಲೆ ಬೀಗರಿಗೆ ಹಪ್ಪಳದ ಡಬ್ಬಿ. ದಾರಿಯುದ್ದಕ್ಕೂ ಚಕ್ರ ಬಿಸಿಯಾಗಿ ಇಂಗಿನ ವಾಸನೆ. ಆದರೆ ನಂಬಿದರೆ ನಂಬಿ, ಗಾಳಿ ನಿಂತಿತು! ನಾಲ್ಕೂಕಾಲಿಗೆ ಹುಡುಗಿಯ ಮನೆ ಗೇಟು ಮುಟ್ಟಿದೆವು. ಮೈದುನ ಮೀಸೆ ತಿರುವಿಕೊಂಡು ಮೆಟ್ಟಿಲು ಹತ್ತಿದ.

ಗಾಡಿ ನಿಲ್ಲಿಸಿದ ಗೇಟಿನ ಪಕ್ಕ ಹುಲ್ಲು ಮಾರುವ ಹೆಂಗಸು ಹಸು ಕಟ್ಟಿಕೊಂಡು ಕೂತಿದ್ದಳು. ಹೋಗಿಬರುವವರು ಕಾಸು ಕೊಟ್ಟು ಅದಕ್ಕೆ ಹುಲ್ಲು ತಿನ್ನಿಸಿ ಕೈಮುಗಿಯುತ್ತಿದ್ದರು. ಹುಲ್ಲು ತಿಂದು ತಿಂದು ಬೇಸತ್ತ ಹಸುವಿಗೆ ಉಪ್ಪು, ಇಂಗು ಹಾಕಿದ ಉದ್ದಿನ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಮೇಲೆ ನಾವು ಕೂರುವಷ್ಟರಲ್ಲಿ ಕೆಳಗಿಂದ "ಪುಸ್ಸ್ಸ್" ಅಂತ ಸದ್ದು. ಎಲ್ಲರೂ ಗ್ಯಾಲರಿಗೆ ಓಡಿದೆವು. ಹಸು ಒಂದೊಂದೇ ಕಡ್ಡಿಯನ್ನು ಅಚ್ಚುಕಟ್ಟಾಗಿ ನೆಕ್ಕುತ್ತಿದೆ, ಗಾಡಿ ಮೆಲ್ಲಗೆ ಕೂರುತ್ತಿದೆ. ಹುಲ್ಲಿನವಳು ಗಾಡಿಗೇ ಕೈಮುಗಿದು ನಿಂತಿದ್ದಾಳೆ.

ಹುಡುಗಿಯ ಅಪ್ಪ ಮುಖ ಗಂಟು ಹಾಕಿದರು. "ಏನ್ರೀ ಇದು?"

ಮೈದುನ ಮೀಸೆಯಿಂದ ಕೈ ತೆಗೆದ. ಅತ್ತೆ ಎಲ್ಲ ಹೇಳಿದರು, ಮಡಿ ನೀರೂ ಬಿಡದೆ. ಹುಡುಗಿಯ ಅಪ್ಪ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. "ಹೊತ್ತಿಗೆ ಬಂದಿದ್ದಾನೆ, ಆ ಮಾತು ಬೇರೆ. ನೀನೇನಮ್ಮ ಹೇಳ್ತೀಯಾ? ಕೇಳೋದಿದ್ರೆ ಈಗಲೇ ಕೇಳು."

ಸೆರಗಲ್ಲಿ ನಗು ಮುಚ್ಚಿಕೊಂಡಿದ್ದ ಹುಡುಗಿ ತಲೆಯೆತ್ತಿದಳು. "ಗಾಡಿಗೆ ಟ್ಯೂಬ್ ಹಾಕಿಸ್ತಾರಾ? ಇಲ್ಲಾ ನಾನು ಬಂದು ದಿನಾ ಹಪ್ಪಳದ ಹಿಟ್ಟು ಕುಟ್ಟಬೇಕಾ?"

ಗಡಿಯಾರದ ಮುಳ್ಳು ನಾಲ್ಕೂವರೆ ಮುಟ್ಟುತ್ತಿತ್ತು. ಅತ್ತೆ ಮಗನ ಪಕ್ಕೆಗೆ ತಿವಿದರು. "ರಾಹುಕಾಲ ಬಂತು, ಬೇಗ ಬಾಯಿ ಬಿಡೋ!"

"ಎರಡು ಹಾಕಿಸ್ತೀನಿ!" ಅಂತ ಕೂಗಿದ ಮೈದುನ. "ಒಂದೇ ಚಕ್ರಕ್ಕೆ!"