ಹಳದಿ ರಟ್ಟಿನ ರಿಕಾರ್ಡು ಮತ್ತು ನನ್ನ ಅಕ್ಷರ

ಅನುಮಾನ ಒಂದು ರೋಗ ಎಂದು ನನ್ನ ಹೆಂಡತಿ ಮಹಾದೇವಿ ಹೇಳುತ್ತಾಳೆ. ಅದು ರೋಗವಲ್ಲ, ಅನುಭವ ಎಂದು ನಾನು ಹೇಳುತ್ತೇನೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನನ್ನು ಪ್ರತಿವರ್ಷ ಪರೀಕ್ಷೆಯ ಕಾಲಕ್ಕೆ ನಕಲು ಹಿಡಿಯುವ ದಳಕ್ಕೆ ಹಾಕುತ್ತಾರೆ. ಕಾಲುಚೀಲ, ಕಂಪಾಸ್ ಪೆಟ್ಟಿಗೆ, ನೀರಿನ ಬಾಟಲಿಯ ಲೇಬಲ್ಲು, ಎಲ್ಲೆಲ್ಲಿ ಚೀಟಿ ಅಡಗಿರುತ್ತದೆಂದು ನನಗೆ ಗೊತ್ತು. ಸಿಕ್ಕವರನ್ನು ನಾನು ಬೈಯುವುದಿಲ್ಲ, ಹೊಡೆಯುವುದಿಲ್ಲ. ಚೀಟಿಯನ್ನು ಮುಖದ ಮುಂದೆ ಹಿಡಿದು, "ಅಕ್ಷರ ನಿನ್ನವ ಹೌದಲ್ಲೋ?" ಎಂದು ಮೆಲ್ಲಗೆ ಕೇಳುತ್ತೇನೆ. ಎಂಥ ಉಡಾಳನೂ ಆ ಪ್ರಶ್ನೆಗೆ ತಲೆ ತಗ್ಗಿಸುತ್ತಾನೆ. ಹೀಗೆ ಹತ್ತಾರು ವರ್ಷ ಪರರ ಕಿಸೆ ನೋಡಿದವನಿಗೆ ಜಗತ್ತೆಲ್ಲ ಪರೀಕ್ಷಾ ಕೋಣೆಯಂತೆ ಕಂಡರೆ ತಪ್ಪೇನು, ಹೇಳಿ.

ನಮ್ಮ ಕಡೆಯ ಹಳ್ಳಿ ನಾಟಕ ಸಣ್ಣಾಟದ ಹಾಡುಗಳ ಹಳೆಯದೊಂದನ್ನು ಬಿಟ್ಟರೆ ನನ್ನ ಹತ್ತಿರ ನಾಲ್ಕು ರಿಕಾರ್ಡುಗಳಿದ್ದವು. ನಾಲ್ಕೂ ಅಮೆರಿಕದ ಒಬ್ಬ ದೊಡ್ಡ ಜಾಝ್ ಕಲಾವಿದನವು. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನೀವು "ಎರಡು ದಿನ ಕೇಳಿ ಕೊಡುತ್ತೇನೆ" ಎಂದು ಬಾಗಿಲಿಗೆ ಬರುತ್ತೀರಿ. ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯವನು "ಶಹನಾಯಿ ಐತ್ರಿ ಸರ್, ಬೆಳಿಗ್ಗೆ ಹಚ್ಚಾಕ ಬರೊಬ್ಬರಿ" ಎಂದು ಪ್ಲೇಯರ್ ಸಮೇತ ಕಟ್ಟಿಕೊಟ್ಟಿದ್ದ. ಮನೆಗೆ ತಂದು ಹಚ್ಚಿದರೆ ಸ್ಯಾಕ್ಸೊಫೋನ್. ಮಹಾದೇವಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ಹತ್ತು ನಿಮಿಷ ನಿಂತು ಕೇಳಿ, "ಇನ್ನೂ ಶುರುನ ಮಾಡವಲ್ಲನಲ್ರಿ, ಬರೇ ಶ್ರುತಿ ಕೂಡಸಾಕತ್ತಾನ" ಎಂದಳು. ನನಗೂ ಹಾಗೇ ಅನಿಸಿತ್ತು. ಮೋಸ ಹೋದೆನೆಂಬ ಸಿಟ್ಟಿನಲ್ಲಿ ಮತ್ತೆ ಮತ್ತೆ ಹಚ್ಚಿದೆ. ಹಾಗೆ ಹಚ್ಚುತ್ತಾ ಹಚ್ಚುತ್ತಾ ಅದರ ರುಚಿ ಹತ್ತಿಬಿಟ್ಟಿತು.

ಒಂದರಲ್ಲಿ ಅವನು ಹುಡುಗ. ಯಾರೋ ಬೆನ್ನಟ್ಟಿ ಬಂದಂತೆ ಊದುತ್ತಾನೆ. ಎರಡನೆಯದನ್ನು ಯಾವುದೋ ಹೋಟೆಲಿನಲ್ಲಿ ಮುದ್ರಿಸಿದ್ದಾರೆ. ನಡುನಡುವೆ ಗ್ಲಾಸು ತಾಗುವ ಸದ್ದು, ಒಬ್ಬನ ಕೆಮ್ಮು. ಆ ಕೆಮ್ಮು ಈಗ ನಮ್ಮ ಮನೆಯವರ ಕೆಮ್ಮಿನಷ್ಟು ಪರಿಚಯ. ಇನ್ನೊಂದು ಮುಪ್ಪಿನ ಕಾಲದ್ದು, ಊದುವುದಕ್ಕಿಂತ ಬಿಡುವು ಹೆಚ್ಚು. ಆದರೆ ನನ್ನ ಜೀವವೆಂದರೆ ಹಳದಿ ರಟ್ಟಿನದು. ಎಲ್ಲಮ್ಮನ ಗುಡ್ಡದ ಭಂಡಾರ ಚೆಲ್ಲಿದಂಥ ಹಳದಿ. ಅದರಲ್ಲಿ ಒಂದು ಕಡೆ ವಾದ್ಯವೆಲ್ಲ ನಿಲ್ಲುತ್ತದೆ. ಅವನು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಆಮೇಲೆ ಒಂದೇ ಒಂದು ಉದ್ದ ಸ್ವರ. ಆ ಉಸಿರಿಗಾಗಿ ನಾನು ಎಷ್ಟು ದಿನ ಊಟ ತಣ್ಣಗೆ ಮಾಡಿಕೊಂಡಿದ್ದೇನೋ ಲೆಕ್ಕವಿಲ್ಲ.

ಕಳೆದ ದೀಪಾವಳಿಗೆ ಅದು ಕಾಣೆಯಾಯಿತು. ಸೂಜಿ ಸವೆದು ಪ್ಲೇಯರು ನಾಲ್ಕು ತಿಂಗಳು ಮೂಕಾಗಿತ್ತು. ಹೊಸ ಸೂಜಿ ಬಂದ ದಿನ ಹಳದಿ ರಟ್ಟು ಬಿಚ್ಚಿದರೆ ಒಳಗೆ ಗಾಳಿ. ಅಂದೇ ಬೆಳಿಗ್ಗೆ ಮಹಾದೇವಿಯ ತಮ್ಮ ಈರಣ್ಣ, ನಮ್ಮಲ್ಲಿ ಹಬ್ಬ ಮುಗಿಸಿ, ರಾಮದುರ್ಗಕ್ಕೆ ಹೊರಟಿದ್ದ. ಅವನ ಮೇಲೆ ನನಗೆ ಹಳೆಯ ಗುಮಾನಿ. ಏಳು ವರ್ಷದ ಹಿಂದೆ ರಾತ್ರಿ ದಾರಿಗೆ ಬೆಳಕಿಗೆಂದು ನನ್ನ ಬ್ಯಾಟರಿ ಒಯ್ದವನು ಇನ್ನೂ ಕೊಟ್ಟಿಲ್ಲ. ಅದೂ ಅಲ್ಲದೆ ಈ ಹಳದಿ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಮಾ, ಇದ ಭಾಳ ಚಂದ ಐತ್ರಿ" ಎಂದಿದ್ದ. ಚಂದ ಐತಿ ಎಂದವರು ಸುಮ್ಮನೆ ಎನ್ನುವುದಿಲ್ಲ.

ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ. "ಈರಣ್ಣಾ, ಚೀಲ ತಗಿ" ಎಂದೆ. ಅವನು ನಕ್ಕ, ಚೇಷ್ಟೆ ಎಂದುಕೊಂಡ. ನಾನು ನಗಲಿಲ್ಲ. ಹತ್ತು ಜನರೆದುರು ಅವನ ಎರಡು ಅಂಗಿ, ಟಾವೆಲ್ಲು, ಅಕ್ಕ ಕಟ್ಟಿಕೊಟ್ಟ ಕರ್ಚಿಕಾಯಿ, ಮಗಳ ಮದುವೆಯ ಸಾಮಾನಿನ ಯಾದಿ ಎಲ್ಲ ಹೊರಗೆ ಬಂದವು. ರಿಕಾರ್ಡು ಮಾತ್ರ ಬರಲಿಲ್ಲ. ಈರಣ್ಣ ಒಂದೊಂದನ್ನೇ ಮಡಚಿ ಚೀಲಕ್ಕೆ ಹಾಕಿ, "ಬರತೇನ್ರಿ ಮಾಮಾ" ಎಂದಷ್ಟೇ ಹೇಳಿ ಬಸ್ ಹತ್ತಿದ.

ಆಮೇಲೆ ಅವನ ಫೋನು ಬರುವುದು ನಿಂತಿತು. ಮಹಾದೇವಿಯೂ ನನ್ನೊಡನೆ ರೊಟ್ಟಿ, ಪಲ್ಯ, ನೀರು ಎಂಬ ಮೂರು ಮಾತಿಗೆ ನಿಂತಳು. "ಹಳದಿ ರಟ್ಟಿಂದು ನೀ ಯಾರಿಗರೆ ಕೊಟ್ಟೀಯೇನು?" ಎಂದು ಅವಳನ್ನೂ ಕೇಳಿದೆ. "ನಿಮ್ಮ ಹಳದಿ ರಟ್ಟು ನಾ ಮುಟ್ಟಿಲ್ರಿ. ತಮ್ಮನ ಮಗಳ ಲಗ್ನಕ್ಕ ನೀವು ಯಾವ ಮಾರಿ ತಗೊಂಡ ಬರತೀರಿ, ಅದನ್ನ ವಿಚಾರ ಮಾಡ್ರಿ" ಎಂದಳು. ಅವಳು ಅಷ್ಟು ಉದ್ದ ಮಾತಾಡಿದ್ದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಮದುವೆಗೆ ರಾಮದುರ್ಗಕ್ಕೆ ಹೋದೆವು. ಈರಣ್ಣ ಕೈಮುಗಿದು ಬರಮಾಡಿಕೊಂಡ, ಕಣ್ಣು ಮಾತ್ರ ಬೇರೆ ಕಡೆ ಇತ್ತು. ವರನ ಮೆರವಣಿಗೆಯ ಮುಂದೆ ಉಗರಗೋಳದ ಯಲ್ಲಪ್ಪನ ಬ್ಯಾಂಡು. ಈ ಯಲ್ಲಪ್ಪ ಬೈಲಹೊಂಗಲದಲ್ಲಿ ನಮ್ಮ ಓಣಿಯಲ್ಲೇ ಬಾಡಿಗೆಗಿದ್ದಾನೆ, ಕ್ಲಾರಿನೆಟ್ ಊದುತ್ತಾನೆ. ಕುಣಿಯುವ ಹಾಡು ಮುಗಿದು ಮೆರವಣಿಗೆ ಗುಡಿಯ ಹತ್ತಿರ ತಿರುಗುವಾಗ ಅವನು ಹೊಸದೊಂದನ್ನು ಎತ್ತಿಕೊಂಡ. ನನ್ನ ಕಿವಿ ನೆಟ್ಟಗಾದವು. ಡೋಲು ನಿಂತಿತು. ಯಲ್ಲಪ್ಪ ಉಸಿರು ಎಳೆದುಕೊಂಡ. ಆಮೇಲೆ ಒಂದೇ ಒಂದು ಉದ್ದ ಸ್ವರ.

ನಾನು ಕುದುರೆಯ ಮುಂದೆ ಹೋಗಿ ಅಡ್ಡ ನಿಂತೆ. ಮೇಲೆ ಕುಳಿತ ವರ ಗಾಬರಿಯಾದ. "ಇದನ್ನ ಎಲ್ಲಿ ಕಲತಿ?" ಎಂದೆ. ಯಲ್ಲಪ್ಪ ಸಂತೋಷದಿಂದಲೇ ಹೇಳಿದ: "ಪಂಚಮಿ ಆದಮ್ಯಾಲ ಮಹಾದೇವಿ ಅಕ್ಕಾರು ನಿಮ್ಮ ಸಣ್ಣಾಟದ ರಿಕಾರ್ಡು ಕೇಳಾಕ ಕೊಟ್ಟಿದ್ರಲ್ರಿ ಸರ್. ನಮ್ಮಪ್ಪನ ಪ್ಲೇಯರ್ ಮ್ಯಾಲ ಹಚ್ಚಿದ್ಯಾ. ಹಾಡಾವ್ರು ಬರ್ತಾರ, ಬರ್ತಾರ ಅಂತ ಕಾದ್ಯಾ, ಯಾರೂ ಬರಲೇ ಇಲ್ಲ. ಆದ್ರ ಊದಾವ ಮಾತ್ರ ಭಾರಿ ಅದಾನ್ರಿ. ಬ್ಯಾಂಡಿನ ತಿರುಗಾಟದಾಗ ಓಣ್ಯಾಗ ಕೊಡಾಕ ಆಗಲಿಲ್ರಿ, ಇಲ್ಲೇ ವಾಪಸ್ ಕೊಡಾಕ ತಂದೇನಿ." ಡೋಲಿನ ಪೆಟ್ಟಿಗೆಯಿಂದ ಟಾವೆಲ್ಲಿನಲ್ಲಿ ಸುತ್ತಿದ್ದನ್ನು ತೆಗೆದ. ಮೇಲೆ ನನ್ನ ಹಳೆಯ ಸಣ್ಣಾಟದ ಹಾಡುಗಳ ರಟ್ಟು. ಒಳಗೆ ನನ್ನ ಸ್ಯಾಕ್ಸೊಫೋನಿನವನು. ರಿಕಾರ್ಡಿನ ಜೊತೆಗೆ ಒಂದು ಚೀಟಿಯೂ ಜಾರಿ ಬಿತ್ತು.

ಈರಣ್ಣ ಅದನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ: "ಪಂಚಮಿಗೆ ಅಕ್ಕನನ್ನು ಕರೆಯಲು ಈರಣ್ಣ ಬರುವವನಿದ್ದಾನೆ. ಹಳದಿ ರಟ್ಟಿನದನ್ನು ಇದರಲ್ಲಿ ಬಚ್ಚಿಟ್ಟಿದ್ದೇನೆ. ಮರೆಯಬಾರದು."

ಎಲ್ಲ ನೆನಪಾಯಿತು. ಸಣ್ಣಾಟದ ರಿಕಾರ್ಡನ್ನು ಟ್ರಂಕಿಗೆ ಹಾಕಿ, ಅದರ ರಟ್ಟಿನಲ್ಲಿ ನಾನೇ ಇದನ್ನಿಟ್ಟಿದ್ದೆ. ಕನ್ನಡ ಪುಸ್ತಕದ ರಟ್ಟಿನೊಳಗೆ ಗಣಿತದ ಗೈಡು ಇಟ್ಟು ಸಿಕ್ಕಿಬಿದ್ದ ಹುಡುಗಿಯೊಬ್ಬಳಿಂದ ನಾನು ಕಲಿತ ವಿದ್ಯೆ ಅದು. ಈರಣ್ಣ ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದು ಮೆಲ್ಲಗೆ ಕೇಳಿದ: "ಮಾಮಾ, ಅಕ್ಷರ ನಿಮ್ಮವ ಹೌದಲ್ರಿ?"

ತಲೆ ತಗ್ಗಿಸಿದೆ. "ತಪ್ಪಾತಪಾ ಈರಣ್ಣಾ" ಎಂದೆ. ಅವನು ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿ, ತಾನೇ ಎರಡು ಸಲ ಹುಗ್ಗಿ ಬಡಿಸಿದ. ರಿಕಾರ್ಡನ್ನು ಯಲ್ಲಪ್ಪನ ಹತ್ತಿರವೇ ಬಿಟ್ಟೆ, ನನಗಿಂತ ಚೆನ್ನಾಗಿ ಕೇಳಿದ್ದ ಅವನು.

ಹೊರಡುವಾಗ ಈರಣ್ಣ ಒಂದು ಚೀಲ ಕೊಟ್ಟ. ಇಷ್ಟು ಸುಲಭಕ್ಕೆ ಹೇಗೆ ಕ್ಷಮಿಸಿದ? ಬಸ್ಸು ಕಟಕೋಳ ಮುಟ್ಟುವ ಮೊದಲೇ, ಮಹಾದೇವಿ ಕಿಟಕಿಯ ಕಡೆ ತಿರುಗಿದ್ದಾಗ, ಬಿಚ್ಚಿದೆ. ಬುಂದೆ ಉಂಡಿ, ಅವಳಿಗೊಂದು ಸೀರೆ, ತಳದಲ್ಲಿ ನನ್ನ ಏಳು ವರ್ಷದ ಹಿಂದಿನ ಬ್ಯಾಟರಿ. ಅದಕ್ಕೊಂದು ಚೀಟಿ: "ಮಾಮಾ, ಕಟಕೋಳದ ಒಳಗ ನೀವು ಚೀಲ ಬಿಚ್ಚೇ ಬಿಚ್ಚತೀರಿ ಅಂತ ಗೊತ್ತೈತಿ. ಹೊಸಾ ಸೆಲ್ ಹಾಕೇನಿ."

ನಾಚಿಕೆಯಿಂದ ಕಣ್ಣು ತುಂಬಿದವು. ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಆಮೇಲೆ ಬ್ಯಾಟರಿಯ ಮುಚ್ಚಳ ತಿರುಗಿಸಿ, ಸೆಲ್ಲು ನಿಜವಾಗಿಯೂ ಹೊಸವೇ ಎಂದು ನೋಡಿದೆ.